ಎಲ್ಲದಕ್ಕೂ ಎಂಟು

ಕಾರ್ಖಾನೆಯಲ್ಲಿ ಅವಳಿಗೆ ಚೆಕ್ಕರಮ್ಮ ಎಂದೇ ಹೆಸರು. ಹೊಲಿಗೆ ಸಾಲಿನಿಂದ ಬಂದ ಅಂಗಿಗಳನ್ನು ಮೇಜಿನ ಮೇಲೆ ಹರವಿ ಕಾಲರು, ತೋಳು, ಗುಂಡಿ, ಅಂಚು ಎಂದು ಒಂದೊಂದಾಗಿ ನೋಡುವುದು, ತಪ್ಪಿದ್ದ ಕಡೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು ಅವಳ ಕೆಲಸ. ನಿಮಿಷಕ್ಕೊಂದು ಅಂಗಿ, ದಿನಕ್ಕೆ ಎಂಟು ಗಂಟೆ, ಅದೂ ನಿಂತುಕೊಂಡೇ. ವಾಪಸ್ ಬಂದ ಅಂಗಿಯ ಹೊಲಿಗೆ ಬಿಚ್ಚುವಾಗ ಟೈಲರುಗಳು ಅವಳಿಗೆ ಕೇಳುವ ಹಾಗೇ ಗೊಣಗುತ್ತಿದ್ದರು. ಶನಿವಾರ ಸಂಜೆ ಮನೆ ಮುಟ್ಟುವಷ್ಟರಲ್ಲಿ ಕಣ್ಣಿಗೆ ಮರಳು ಎರಚಿದಂತಾಗಿರುತ್ತಿತ್ತು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಸಿನಿಮಾ. ಥಿಯೇಟರಿಗೆ ನಾಲ್ವರು ಹೋಗಿಬರುವ ಖರ್ಚು ಕೈಗೆಟುಕುವಂಥದ್ದಲ್ಲ ಎಂದು ಗಂಡ ಟೀವಿಗೇ ಒಂದು ಚಂದಾ ಹಾಕಿಸಿದ್ದ. ಲಿಫ್ಟ್ ರಿಪೇರಿಯವನು, ಏನೇ ತಂದರೂ ಅದಕ್ಕೊಂದು ಕಾಯ್ದೆ ಮಾಡದೆ ಬಿಡುವವನಲ್ಲ. ಸಿನಿಮಾ ಮುಗಿದ ಮೇಲೆ ನಾಲ್ವರೂ ಹತ್ತಕ್ಕೆ ಇಷ್ಟು ಎಂದು ಮಾರ್ಕು ಕೊಡಬೇಕು. ನಾಲ್ವರದೂ ಸೇರಿ ಇಪ್ಪತ್ತಾಗದಿದ್ದರೆ ಸಿನಿಮಾ ಫೇಲು. ಸತತ ಮೂರು ಫೇಲಾದರೆ ಚಂದಾ ಬಂದ್. ಹೈಸ್ಕೂಲಿನ ಮಗಳು ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿ ಎಲ್ಲ ಬರೆದಿಡುತ್ತಿದ್ದಳು. ಆ ಹಾಳೆಯಲ್ಲಿ ಅಮ್ಮನ ಸಾಲಿನುದ್ದಕ್ಕೂ ಇದ್ದದ್ದು ಒಂದೇ ಅಂಕಿ: ಎಂಟು.

ಕಾರಣ ಸರಳ. ಹೆಸರುಗಳು ತೆರೆಯ ಮೇಲೆ ಬಂದು ಮುಗಿಯುವುದರೊಳಗೆ ಅವಳು ನಿದ್ದೆ ಹೋಗಿರುತ್ತಿದ್ದಳು.

ಈ ಸಿನಿಮಾ ಶುರುವಾಗುವ ಮೊದಲು ಭಾನುವಾರ ಅವಳು ಹಗಲು ಹೊತ್ತು ಮಲಗಿದರೆ ಅತ್ತೆ ಹಣೆ ಮುಟ್ಟಿ ನೋಡುತ್ತಿದ್ದರು. ಗಂಡ ಬಾಗಿಲಲ್ಲಿ ನಿಂತು, 'ಏನಾಯ್ತು?' ಎನ್ನುತ್ತಿದ್ದ. ಏನೂ ಆಗಿಲ್ಲ ಎಂದರೆ, ಹಾಗಾದರೆ ಪರದೆ ಒಗೆಯಬಹುದಲ್ಲ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತಿತ್ತು. ಸಿನಿಮಾ ಬಂದ ಮೇಲೆ ಆ ರಗಳೆ ತಪ್ಪಿತು. ಸೋಫಾದಲ್ಲಿ ಒರಗಿ, ಕಾಲು ಸ್ಟೂಲಿನ ಮೇಲಿಟ್ಟು, ಮನೆಯವರ ಜೊತೆ ಕೂತಂತೆಯೂ ಆಯಿತು, ಎರಡು ಗಂಟೆ ಕಣ್ಣು ಮುಚ್ಚಿದಂತೆಯೂ ಆಯಿತು. ಅದಕ್ಕೆ ಎಂಟು ಮಾರ್ಕು ಹೆಚ್ಚೇನಲ್ಲ.

ಎಡವಟ್ಟಾದದ್ದು ಹೋದ ವಾರ. ಎಂಟು ಎಂದು ಹೇಳಿ ಸುಮ್ಮನಿರದೆ, 'ಆ ಹುಡುಗಿ ಚೆನ್ನಾಗಿ ಮಾಡಿದಾಳೆ' ಎಂದೂ ಸೇರಿಸಿದಳು. ಹಡಗಿನಲ್ಲಿ ಸಿಕ್ಕಿಬಿದ್ದ ಹನ್ನೊಂದು ಗಂಡಸರ ಕಥೆ ಅದು. ಹುಡುಗಿ ಹೋಗಲಿ, ಹೆಣ್ಣು ಬೆಕ್ಕೂ ಇರಲಿಲ್ಲ.

ಮಗಳು ಬಿಡಲಿಲ್ಲ. 'ಇನ್ಮೇಲೆ ಕೊನೆ ಏನಾಯ್ತು ಅಂತ ಹೇಳಿದವರ ಮಾರ್ಕು ಮಾತ್ರ ಲೆಕ್ಕಕ್ಕೆ. ಇಲ್ದಿದ್ರೆ ಸೊನ್ನೆ.' ಗಂಡನಿಗೆ ಕಾಯ್ದೆ ಮೇಲೆ ಕಾಯ್ದೆ ಎಂದರೆ ಖುಷಿ, ಒಪ್ಪಿದ. ಅವಳ ಎಂಟು ಇದ್ದೂ ಅದಾಗಲೇ ಎರಡು ಸಿನಿಮಾ ಫೇಲಾಗಿದ್ದವು. ಇವತ್ತಿನದು ಮೂರನೆಯದು. ನಿದ್ದೆ ಉಳಿಯಬೇಕಾದರೆ ಇವತ್ತು ನಿದ್ದೆ ಬಿಡಬೇಕಿತ್ತು.

ಕಳೆದುಹೋದ ತಮ್ಮನನ್ನು ಹುಡುಕುವ ಲಾರಿ ಡ್ರೈವರನ ಕಥೆ. ಮಗಳು ಪಕ್ಕದಲ್ಲೇ ಕೂತು, ಅಮ್ಮನ ತಲೆ ವಾಲಿದಾಗಲೆಲ್ಲ ಮೊಣಕೈಯಿಂದ ತಿವಿಯುತ್ತಿದ್ದಳು. ಅರ್ಧ ಗಂಟೆ ಹೇಗೋ ಕಳೆಯಿತು. ಆಮೇಲೆ ಹೊಡೆದಾಟ ಬಂತು.

'ತಡಿ, ಹಿಂದಕ್ಕೆ ಹಾಕು' ಎಂದಳು ಅವಳು.

'ಯಾಕಮ್ಮ?'

'ಹರಿದಿದ್ದು ಎಡಗಡೆ ತೋಳು. ಈಗ ನೋಡು, ಬಲಗಡೆ.'

ಹಿಂದಕ್ಕೆ ಹಾಕಿ ನೋಡಿದರೆ ನಿಜ. ಡ್ರೈವರು ಹೊಳೆಗೆ ಹಾರಿ ಆಚೆ ದಡಕ್ಕೆ ಎದ್ದಾಗ ಅತ್ತೆಯೇ ಕೇಳಿದರು, 'ಈಗೇನೇ ತಪ್ಪು?'

'ನೀರಿಂದ ಬಂದಿದಾನೆ ಅತ್ತೆ, ಕಾಲರು ನೋಡಿ. ಈಗಷ್ಟೇ ಇಸ್ತ್ರಿ ಮಾಡಿದ ಹಾಗಿದೆ. ಮೇಲಿಂದ ಎರಡನೇ ಗುಂಡಿ ದಾರವೂ ಬೇರೆ ಬಣ್ಣ.'

'ಅಂಗಿಗಿಂತ ಆಚೆ ಏನಾದ್ರೂ ನೋಡ್ತೀಯಾ?' ಎಂದ ಗಂಡ, ನಗುತ್ತಾ.

'ಆಚೆ ಏನಿದೆ?'

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅವಳಿಗೂ ಚೂರು ನಗು ಬಂತು. ಆದರೆ ಕಣ್ಣು ಉರಿಯುತ್ತಿತ್ತು, ವಾರದ ಏಳನೆಯ ದಿನವೂ ಮೇಜಿನ ಮುಂದೆ ನಿಂತಂತೆ ಸೊಂಟ ನೋಯುತ್ತಿತ್ತು.

ಸಿನಿಮಾ ಮುಗಿಯಿತು. ಮಗಳು ಪೆನ್ನು ಹಿಡಿದು ಫ್ರಿಜ್ಜಿನ ಮುಂದೆ ನಿಂತಳು. ಗಂಡ ನಾಲ್ಕು ಎಂದ. ಹಾಡು ಚೆನ್ನಾಗಿತ್ತೆಂದು ಅತ್ತೆ ಆರು ಕೊಟ್ಟರು. ಮಗಳದು ಮೂರು.

'ಹದಿಮೂರಾಯ್ತು. ಅಮ್ಮ, ಕೊನೆ ಹೇಳು.'

'ತಮ್ಮನೇ ಕಳ್ಳರ ಗುಂಪಿನ ಯಜಮಾನ. ಅಣ್ಣನಿಗೆ ಬೀಳಬೇಕಾದ ಗುಂಡಿನೇಟಿಗೆ ತಾನು ಅಡ್ಡ ಬಂದು ಸತ್ತ. ಸಾಯೋಕೆ ಹತ್ತು ನಿಮಿಷ ತಗೊಂಡ.'

'ಸರಿ ಇದೆ. ನಿನ್ನ ಮಾರ್ಕು ಲೆಕ್ಕಕ್ಕೆ ಬರುತ್ತೆ. ಏಳು ಕೊಟ್ರೂ ಸಾಕು, ಪಾಸು.'

'ಅವಳು ಎಂಟರಿಂದ ಕೆಳಗಿಳಿದಿದ್ದು ಯಾವತ್ತು? ಬರಿ' ಎಂದರು ಅತ್ತೆ.

ಅವಳು ಬಾಯಿ ತೆರೆದಳು. ಎಂಟು ಎಂದುಬಿಟ್ಟರೆ ಮುಗಿಯಿತು. ಮುಂದಿನ ವಾರ ಕೊನೆ ಕೇಳದ ಹಾಗೆ ಮಗಳನ್ನು ಹೇಗಾದರೂ ಪುಸಲಾಯಿಸಬಹುದು. ಆದರೆ ಹರಿದ ತೋಳು ಕಣ್ಣಮುಂದೆ ಎಡದಿಂದ ಬಲಕ್ಕೆ ಹೋಗಿ ಕೂತಿತ್ತು.

'ಎರಡು' ಎಂದಳು.

ಮಗಳು ತಿರುಗಿದಳು. 'ನಿದ್ದೆ ಮಾಡಿದ್ದಕ್ಕೆಲ್ಲ ಎಂಟು ಕೊಟ್ಟೆ. ಇದಕ್ಕೆ ಎರಡಾ?'

'ಇದನ್ನ ನೋಡಿಬಿಟ್ಟೆನಲ್ಲ. ನೋಡಿದ ಮೇಲೆ ಪಾಸು ಮಾಡೋಕಾಗಲ್ಲ.'

ಮಗಳು ಎರಡು ಎಂದು ಬರೆದು ಕೆಳಗೆ ಗೆರೆ ಎಳೆದಳು. ಒಟ್ಟು ಹದಿನೈದು. ಗಂಡ ಎದ್ದು ಮೈಮುರಿದ. ಅವನಿಗೂ ಒಳಗೊಳಗೆ ಬೇಜಾರಾಗಿರಬೇಕು, ಆದರೆ ಕಾಯ್ದೆ ಅವನದೇ. 'ಹಾಗಾದ್ರೆ ಚಂದಾ ಈ ತಿಂಗಳಿಗೆ ಸಾಕು. ಒಳ್ಳೇದೇ ಆಯ್ತು. ಮುಂದಿನ ಭಾನುವಾರ ಅಟ್ಟದ ಮೇಲಿರೋದನ್ನೆಲ್ಲ ಇಳಿಸಿ ಒರೆಸಿಬಿಡೋಣ.'

'ನೀವು ಇಳಿಸಿ' ಎಂದಳು ಅವಳು. 'ನಾನು ಎರಡರಿಂದ ನಾಲ್ಕು ಮಲಗ್ತೀನಿ.'

'ಮೈ ಸರಿ ಇಲ್ವೇನೇ?' ಅತ್ತೆಯ ಕೈ ಆಗಲೇ ಹಣೆಯ ಕಡೆ ಬಂದಿತ್ತು.

'ಸರಿ ಇದೆ ಅತ್ತೆ. ಸುಮ್ನೆ ಮಲಗ್ತೀನಿ. ಪ್ರತಿ ಭಾನುವಾರ.'

ಗಂಡ ರಿಮೋಟನ್ನು ಟೀವಿ ಪಕ್ಕ ಇಟ್ಟ, ಮತ್ತೆ ಎತ್ತಿಕೊಂಡ. 'ಇಷ್ಟಕ್ಕೆ ಸಿನಿಮಾ ಯಾಕೆ ಬೇಕಿತ್ತು? ಹೇಳಿದ್ರೆ ಆಗ್ತಿರ್ಲಿಲ್ವಾ?'

ಇದಕ್ಕೆ ಉತ್ತರ ಇತ್ತು. ಹೇಳುವಷ್ಟು ತ್ರಾಣ ಇರಲಿಲ್ಲ. 'ಇವತ್ತಿನ ನಿದ್ದೆ ಬಾಕಿ ಇದೆ' ಎಂದಷ್ಟೇ ಹೇಳಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಟೀ ಕುದಿಯುವ ವಾಸನೆ ಬಂತು.

'ಸೋಸೋ ಜಾಲರಿ ಎಲ್ಲಿ?' ಗಂಡನ ದನಿ.

'ನನ್ನ ಕೇಳಿದ್ರೆ? ಅವಳನ್ನ ಕೇಳು' ಎಂದರು ಅತ್ತೆ.

'ಬೇಡ ಅಪ್ಪ, ಹುಡುಕೋಣ' ಎಂದಳು ಮಗಳು.

ಒಂದೊಂದೇ ಡಬ್ಬಿ ಸರಿಸುವ ಸದ್ದು ಕೇಳುತ್ತಿತ್ತು. ಜಾಲರಿ ಸಿಂಕಿನ ಕೆಳಗಿನ ಮೊಳೆಯಲ್ಲಿದೆ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಅವಳು ಗೋಡೆಯ ಕಡೆ ಹೊರಳಿ ಹೊದಿಕೆ ಎಳೆದುಕೊಂಡಳು.