ವಖಾರಿಯ ಬಾವಿ

ಮಗಳ ಮನೆಯಲ್ಲಿ ಒಂದು ಗುಟುಕು ನೀರನ್ನೂ ಮುಟ್ಟಬಾರದೆಂದು ಮಾಣಿಕಬಾಯಿ ಶಿರೋಳ ಬಿಡುವಾಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದರು. ಮಗಳ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಆ ಮನೆಯ ಮೇಲೆ. ಗೋಡಂಬಿ ವ್ಯಾಪಾರಕ್ಕೆಂದು ವೆಂಗುರ್ಲಾ ಕಡೆ ಹೋದ ಅಳಿಯ ಜಿನೇಶ, ಇಡೀ ಕೊಂಕಣದಲ್ಲಿ ಬೇರೆ ಜಾಗವೇ ಸಿಗದವನಂತೆ, ಕಡಲ ದಂಡೆಯ ಪಾಳುಬಿದ್ದ ಮೀನಿನ ವಖಾರಿಯನ್ನು ಕೊಂಡು ಮನೆ ಮಾಡಿದ್ದ. ಇರುವೆ ತುಳಿದರೂ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಜೈನರಿಗೆ ಎಂಥ ಮನೆ!

ದಾರಿಯಲ್ಲಿ ಗಡಹಿಂಗ್ಲಜದಲ್ಲಿ ಇಳಿದಾಗ ತಂಗಿ ಸುಶೀಲಾಬಾಯಿ ಸುಮ್ಮನಿರದೆ ಚುಡಾಯಿಸಿದಳು.

"ಅಕ್ಕಾ, ಹೊಳ್ಳಿ ಬರೂಮುಂದ ನಮ್ಮ ಮನಿಗೆ ಬರಬ್ಯಾಡ. ಊರ ಬೆಕ್ಕೆಲ್ಲಾ ನಿನ್ನ ಬೆನ್ನ ಹತ್ತತಾವು!"

"ನಗು, ನಗು. ನನ್ನ ನೀರು ನನ್ನ ಕೂಡ ಐತಿ," ಎಂದು ಮಾಣಿಕಬಾಯಿ ಕ್ಯಾನು ತೋರಿಸಿದರು.

ಕಬ್ಬಿನ ತೋಟದ ಸ್ವಂತ ಬಾವಿಯ ನೀರು ಅದು. ಸೋಸುವ ಬಿಳಿ ಅರಿವೆಯೂ ಜೊತೆಗಿತ್ತು. ಸೋಸಿದಾಗ ಅರಿವೆಯಲ್ಲಿ ನಿಲ್ಲುವ, ಕಣ್ಣಿಗೆ ಕಾಣದ ಜೀವಗಳನ್ನು ಅವು ಯಾವ ಬಾವಿಯವೋ ಅದೇ ಬಾವಿಗೆ ಮರಳಿ ಬಿಡಬೇಕು. ಬೇರೆ ನೀರಿಗೆ ಬಿದ್ದರೆ ಸಾಯುತ್ತವೆ, ಪಾಪ ಬಿಟ್ಟವರಿಗೆ. ಅದಕ್ಕೆಂದೇ ಮುಚ್ಚಳದ ಗಿಂಡಿಯೊಂದನ್ನು ತಂದಿದ್ದರು. ಅವನ್ನು ಅದರಲ್ಲಿ ಹಿಡಿದು ಶಿರೋಳಕ್ಕೇ ಒಯ್ಯುವ ಹಂಚಿಕೆ.

ವೆಂಗುರ್ಲಾ ಮುಟ್ಟಿದ ಕೂಡಲೇ ಮಗಳು ಸೋನಲ ಉತ್ಸಾಹದಿಂದ ಮನೆ ತೋರಿಸಿದಳು. ಬಲೆ ಒಣಗಿಸುತ್ತಿದ್ದ ಕಟ್ಟೆ ಈಗ ಪಡಸಾಲೆ. ಬರ್ಫ ತುಂಬುತ್ತಿದ್ದಲ್ಲಿ ಮಲಗುವ ಕೋಣೆ. ಬಂಗಡೆಗೆ ಉಪ್ಪು ಹಾಕುತ್ತಿದ್ದ ತೊಟ್ಟಿಯಲ್ಲಿ ಮಲ್ಲಿಗೆ. ಎಷ್ಟು ಸಲ ಸುಣ್ಣ ಬಳಿದರೂ ಗೋಡೆ ಉಪ್ಪು ಉಗುಳುತ್ತಲೇ ಇತ್ತು. ಮೀನು ತೊಳೆಯುತ್ತಿದ್ದ ಬಾವಿ ಅಂಗಳದಲ್ಲಿ ಹಾಗೇ ಉಳಿದಿತ್ತು.

"ಸೋಸೇ ಇಟ್ಟೇನಿ ಅವ್ವಾ, ಒಂದ್ ಗುಟುಕರೆ ಕುಡಿ. ನೀ ಕುಡದ್ರನ ಇದು ನನಗ ಮನಿ ಅನಸತೈತಿ."

"ಈ ಬಾವ್ಯಾಗ ಎಷ್ಟ ಜೀವದ ರಕ್ತಾ ತೊಳದಾರೋ! ಗಂಟಲದಾಗ ಇಳಿಯೂದಿಲ್ಲ ಸೋನೀ, ಒತ್ತಾಯ ಮಾಡಬ್ಯಾಡ."

ಸೋನಲಳ ಮುಖ ಬಾಡಿತು. ತುಂಬಿದ ತಂಬಿಗೆಯನ್ನು ಹಾಗೇ ಒಳಗೆ ಒಯ್ದಳು.

ಮಧ್ಯಾಹ್ನ ಕಟ್ಟೆಯ ಮೇಲೆ ಅಡ್ಡಾದ ಮಾಣಿಕಬಾಯಿಗೆ ಜೊಂಪು ಹತ್ತಿತು. ಕಡಲ ಸದ್ದು ಕಬ್ಬಿನೊಳಗೆ ಗಾಳಿ ಹೊಕ್ಕ ಸದ್ದಿನಂತೆಯೇ ಇತ್ತು. ಕನಸಿನಲ್ಲಿ ವಖಾರಿ ತನ್ನ ಹಳೆಯ ದಿನಗಳನ್ನು ತಾನೇ ಬಿಚ್ಚತೊಡಗಿತು. ದೋಣಿಗಳು ಬಂದವು. ಸೊಂಟಕ್ಕೆ ಸೀರೆ ಬಿಗಿದ ಹೆಂಗಸರು ಹಾಡುತ್ತ ಉಪ್ಪು ಎರಚಿದರು; ಅವರ ಎಳೆಗೂಸುಗಳು ಬಲೆಯ ಜೋಲಿಯಲ್ಲಿ ಮಲಗಿದವು. ಆಮೇಲೆ ದೋಣಿಗಳೆಲ್ಲ ದೊಡ್ಡ ಬಂದರಿಗೆ ಹೋದವು, ಹೆಂಚು ಜಾರಿತು, ಒಳಗೆ ಮರಳು ಬಂದು ಕೂತಿತು. ಬಿಳಿ ಗೋಡೆಯಿಂದ ಮೀನುಗಳು ಮೆಲ್ಲಗೆ ಹೊರಬಂದು, ಗಾಳಿಯಲ್ಲಿ ಈಜುತ್ತ, ಮಾಣಿಕಬಾಯಿಯ ಸುತ್ತ ತಿರುಗಿದವು. ಒಂದೂ ಬಯ್ಯಲಿಲ್ಲ. "ನೀರು," ಎಂದವು, ಅಷ್ಟೆ.

ಎದ್ದಾಗ ಹೊತ್ತು ಇಳಿದಿತ್ತು. ಹೊತ್ತು ಮುಳುಗಿದ ಮೇಲೆ ಅವರು ಹನಿ ನೀರೂ ಮುಟ್ಟುವವರಲ್ಲ. ಕಣ್ಣಲ್ಲಿ ಇನ್ನೂ ಕನಸಿರುವಾಗಲೇ ಕ್ಯಾನಿನ ನೀರು ಸೋಸಿದರು. ಮದುವೆಯಾದಾಗಿನಿಂದ ರೂಢಿಯಾದ ಕೆಲಸ. ಕಾಲು ತಾವಾಗಿ ಬಾವಿಯ ಕಡೆ ನಡೆದವು, ಕೈಗಳು ಅರಿವೆಯನ್ನು ಕೊಡದಲ್ಲಿ ಜಾಲಿಸಿ, ಆ ಕೊಡವನ್ನು ಮೆಲ್ಲಗೆ ಬಾವಿಗೆ ಇಳಿಸಿದವು. ಕೆಳಗೆ ಕೊಡ ನೀರು ಮುಟ್ಟಿ ಬಗ್ಗಿದ ಸದ್ದಿಗೆ ಎಚ್ಚರವಾಯಿತು.

"ಅರಿಹಂತಾ! ಸೋನೀ, ಎಂಥಾ ಕೆಲಸಾ ಮಾಡಿಬಿಟ್ನೇ! ಶಿರೋಳದ ಜೀವಾ ಇದರಾಗ ಬಿಟ್ಟೆ, ಕೊಂದಬಿಟ್ಟೆ!"

ಸೋನಲ ಓಡಿ ಬಂದಳು. ಮಾಣಿಕಬಾಯಿ ಬಾವಿಕಟ್ಟೆ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು.

"ಇರಲಿ ಬಿಡವ್ವಾ. ನೀ ಏನ ಬೇಕಂತ ಮಾಡಿಯೇನ?"

"ಇಲ್ಲೆ ಮೀನ ತೊಳೀತಿದ್ದವರರೆ ಬೇಕಂತ ಮಾಡತಿದ್ರೇನ? ಹೊಟ್ಟಿ ಮಾಡಸತಿತ್ತು," ಎಂದರು ಮಾಣಿಕಬಾಯಿ. ಜೋಲಿಯ ಕೂಸುಗಳು ಇನ್ನೂ ಕಣ್ಣ ಮುಂದೆಯೇ ಇದ್ದವು.

ಸೂರ್ಯ ಕಡಲನ್ನು ಮುಟ್ಟುವುದರಲ್ಲಿದ್ದ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ಕ್ಯಾನಿನ ನೀರನ್ನು ಅಲ್ಲೇ ಬಿಟ್ಟು, ವಖಾರಿಯ ಬಾವಿಯಿಂದಲೇ ಒಂದು ಕೊಡ ಸೇದಿದರು, ತಂಬಿಗೆಗೆ ಸೋಸಿದರು, ಅರಿವೆಯಲ್ಲಿ ನಿಂತದ್ದನ್ನು ಅದೇ ಬಾವಿಗೆ ನಿಧಾನವಾಗಿ ಇಳಿಬಿಟ್ಟರು. ಸೋನಲ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ನಮ್ಮೂರ ಜೀವಾ ಇದರಾಗ ಬಿದ್ದಾವು. ಇನ್ನ ಈ ನೀರು ನನಗ ಪರಕೀ ಹೆಂಗಾದೀತು?"

ಮಾಣಿಕಬಾಯಿ ತಂಬಿಗೆ ಎತ್ತಿ ಕುಡಿದರು. ಆಮೇಲೆ ಅದನ್ನು ಮಗಳ ಕಡೆ ಚಾಚಿದರು.

"ಹಂಗ ನೋಡ್ಕೋತ ನಿಂದ್ರಬ್ಯಾಡ, ನೀನೂ ಕುಡಿ. ಹೊತ್ತು ಮುಳಗಾಕತ್ತೈತಿ."