ಬಸ್ರಾದ ಕೋಟು, ಮನೆಯ ಕೂರಿಗೆ

ಕಮತಗಿಯ ಅಗಸಿಬಾಗಿಲೊಳಗೆ ಹುಸೇನಪೀರ ಬರುತ್ತಾನೆಂದರೆ ಮೊದಲು ಬರುತ್ತಿದ್ದುದು ಅವನ ಬೂಟಿನ ಸಪ್ಪಳ, ಅದರ ಹಿಂದೆ ಖಾಕಿ ಕೋಟು, ಕಟ್ಟಕಡೆಗೆ ಅವನು. ಉರಿಬಿಸಿಲಿನಲ್ಲೂ ಕೊರಳಗುಂಡಿ ಬಿಚ್ಚದ ಆ ಕೋಟು, ಒನಕೆ ನುಂಗಿದವನಂತೆ ನೆಟ್ಟಗಾದ ಆ ಬೆನ್ನು, ಎಮ್ಮೆ ಅಡ್ಡ ಬಂದರೂ ಸರಿಯದ ಆ ಕವಾಯತಿನ ನಡಿಗೆ! ಒಕ್ಕಲುತನದ ಮನೆಯ ಮಗನನ್ನು ಜರ್ಮನ್ ಯುದ್ಧ ಇರಾಕಿನ ಬಸ್ರಾವರೆಗೆ ಒಯ್ದು, ಹೀಗೆ ಇಸ್ತ್ರಿ ಮಾಡಿ ಕಳಿಸಿತ್ತು.

"ನಾ ಬಸ್ರಾದಾಗ ಇದ್ದಾಗ" ಎಂದು ಆರಂಭಿಸದೆ ಅವನಿಗೆ ಕುಡಿಯಲು ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ. ಸಂಜೆ ಅಗಸಿಕಟ್ಟೆಯ ಮೇಲೆ ಅವನ ಯುದ್ಧ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದೇ ನದಿ, ಅದೇ ಮರಳು, ಅವನ ಬಂದೂಕಿಗೆ ಬಿದ್ದ ವೈರಿಗಳು ಮಾತ್ರ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರು. ಪಕ್ಕದ ಹೊಲದ ಶಂಕ್ರಪ್ಪ ಎಲೆಗೆ ಸುಣ್ಣ ಹಚ್ಚುತ್ತ ಮೆಲ್ಲಗೆ ಕೇಳುತ್ತಿದ್ದ: "ಲೇ ಹುಸೇನ್ಯಾ, ಇವ್ರು ನಿನ್ನಿ ಸತ್ತವ್ರೋ, ಹೊಸಬ್ರೋ?"

ಬಾಯಿಬಡಾಯಿಗೆ ಭೂಮಿ ಲೆಕ್ಕ ಕೇಳಿದ್ದು ಹಸ್ತಾ ಮಳೆಯಲ್ಲಿ. ಎರೆ ಹೊಲ ಬಿಳಿಜೋಳಕ್ಕೆ ಹದವಾಗಿತ್ತು. ತಂದೆ ಇಬ್ರಾಹಿಂಸಾಬನ ಮೊಣಕಾಲು ಹಿಡಿದುಕೊಂಡಿತ್ತು. ಅವನು ಬಿಟ್ಟರೆ ಬಿತ್ತುವ ಕೂರಿಗೆ ಮಗನ ಕೈಗೇ ಬರಬೇಕು. ಬಂದರೆ ಮನೆಯ ಯಜಮಾನಿಕೆಯೂ ಬಂದಂತೆ. ಮರಳುಗಾಡಿನ ಡೇರೆಯಲ್ಲಿ ಮಲಗಿ ಹುಸೇನಪೀರ ಹಂಬಲಿಸಿದ್ದೆಲ್ಲ ಆ ಒಂದು ಕೂರಿಗೆಯ ಹಿಡಿಗಾಗಿ.

ಅಂಥದರಲ್ಲಿ ಹೊಲದ ಬದುವಿನ ಮೇಲೆ ತಂದೆ ಕೈ ಅಡ್ಡ ಹಿಡಿದ.

"ನೀ ಬ್ಯಾಡಪ್ಪಾ. ಜೀವಾ ತಗದ ಕೈಲೆ ಬೀಜಾ ಬಿತ್ತಬಾರದಂತ ನಮ್ಮ ಮನ್ಯಾಗ ಹಿರ್ಯಾರು ನಡಿಸಿಕೊಂಡ ಬಂದಾರ. ಕುರಿ ಕೊಯ್ದ ದಿನ ನಮ್ಮಪ್ಪ ಕೂರಿಗಿ ಮುಟ್ಟತಿದ್ದಿಲ್ಲ. ನೀ ಅಂತೂ ಒಂದ ದಂಡನ್ನ ಕಡದ ಬಂದಿ. ಶಂಕ್ರಪ್ಪ ಬಿತ್ತಲಿ."

ಶಂಕ್ರಪ್ಪ ರುಮಾಲು ಬಿಗಿದುಕೊಂಡ. ಹುಸೇನಪೀರನ ಮುಖ ಸುಟ್ಟ ಬದನೆಕಾಯಿಯಾಯಿತು. ಉಡಿಯಲ್ಲಿ ಬೀಜ ತುಂಬಿಕೊಂಡು ನಿಂತಿದ್ದ ಹೆಂಡತಿ ಜೋಹರಾ ಸೆರಗಿನ ಮರೆಯಲ್ಲೇ ಅಂದಳು: "ನನಗ ಹೇಳಿದ ಹೇಸರಗತ್ತಿ ಸುದ್ದಿ ಇವ್ರಿಗೂ ಹೇಳ್ರಿ. ಹದಾ ಆರತೈತಿ."

ಊರಿನ ಎದುರು ಕಟ್ಟಿದ ಶೌರ್ಯವನ್ನು ಊರಿನ ಎದುರೇ ಕೆಡವುವುದು ಸಾಮಾನ್ಯ ಸಂಕಟವೇ! ಹುಸೇನಪೀರ ಮೋಡ ನೋಡಿದ, ಎತ್ತು ನೋಡಿದ, ಕೂರಿಗೆ ನೋಡಿದ. ಕೊನೆಗೆ ಕೋಟಿನ ಕೊರಳಗುಂಡಿ ಬಿಚ್ಚಿದ.

"ಅಪ್ಪಾ, ನಾ ಒಂದ ಗುಂಡೂ ಹಾರಿಸಿಲ್ಲ. ಹೇಸರಗತ್ತಿ ಮ್ಯಾಲೆ ನೀರ ಹೇರಿಕೊಂಡ ಹೋಗಿ, ನೀರಡಿಸಿದವ್ರಿಗೆ ಕುಡಿಸಿ ಬಂದೇನಿ. ಅಷ್ಟ ನನ್ನ ಯುದ್ಧ."

ಶಂಕ್ರಪ್ಪನಿಗೆ ನಗು ತಡೆಯಲಾಗಲಿಲ್ಲ. "ಹಂಗಾರ ದಿನಾ ಕಟ್ಟಿ ಮ್ಯಾಲೆ ಸತ್ತವ್ರು?"

"ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಆರಾಮ ಅದಾರ," ಎಂದ ಹುಸೇನಪೀರ ತಲೆ ತಗ್ಗಿಸಿ.

ಇಬ್ರಾಹಿಂಸಾಬ ಮಾತ್ರ ನಗಲಿಲ್ಲ. ಕುಂಟುತ್ತ ಬಂದು ಮಗನ ಅಂಗೈ ಹಿಡಿದು, ತಿರುವಿ ನೋಡಿದ. ಮುದುಕನ ಕಣ್ಣು ತುಂಬಿ ಬಂದವು. "ನೀ ಹ್ವಾದಾಗಿಂದ ನಾ ದುವಾ ಬೇಡಿದ್ದು ಇದನ್ನ. ಮೊದಲ ಹೇಳಾಕ ಏನಾಗಿತ್ತ ಹುಚ್ಚಪ್ಪಾ?" ಎನ್ನುತ್ತ ಆ ಕೈಯನ್ನು ತಾನೇ ಕೂರಿಗೆಯ ಮೇಲಿಟ್ಟ.

ಕೋಟು ಜಾಲಿಗಿಡಕ್ಕೆ ಬಿತ್ತು. ಜೋಹರಾ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ಬಂದಳು, ಹುಸೇನಪೀರ ಬಿಸ್ಮಿಲ್ಲಾ ಎಂದು ಎತ್ತುಗಳ ಹಿಂದೆ ಹೊರಟ. ಊರೆಲ್ಲ ನಕ್ಕ ಆ ಕವಾಯತಿನ ನಡಿಗೆ ಎರೆಮಣ್ಣಿನಲ್ಲಿ ದಾರ ಹಿಡಿದಂಥ ಸಾಲು ಎಳೆಯಿತು. ಶಂಕ್ರಪ್ಪ ಬಿಗಿದಿದ್ದ ರುಮಾಲು ಬಿಚ್ಚಿ, ಬದುವಿನ ಮೇಲೆ ಕೂತು ಆ ಸಾಲನ್ನೇ ನೋಡಿದ.

ಬಸ್ರಾದ ಸುದ್ದಿ ಆಮೇಲೂ ನಿಲ್ಲಲಿಲ್ಲ. ಆದರೆ ಕಟ್ಟೆಯ ಮೇಲೆ ಈಗ ಹೇಸರಗತ್ತೆಯದೇ ದರ್ಬಾರು, ಕೇಳುವವರೂ ಮೊದಲಿಗಿಂತ ಹೆಚ್ಚು. ಮಣ್ಣಿನಿಂದ ಎದ್ದು ದಂಡಿಗೆ ಹೋದವರ ಕುಲವೇ ಇಂಥದು: ಊರ ಮುಂದೆ ಶೂರರೆನಿಸಿಕೊಳ್ಳಲು ಸತ್ತವರ ಸಂಖ್ಯೆಯನ್ನು ಎಷ್ಟಾದರೂ ಬೆಳೆಸಿಯಾರು, ಹದವಾದ ಹೊಲದ ಮುಂದೆ ನಿಂತಾಗ ಮಾತ್ರ ಅಷ್ಟು ಜನರನ್ನೂ ಬದುಕಿಸಿ ಮನೆಗೆ ಕಳಿಸಿಬಿಡುತ್ತಾರೆ.