ಹರಿಯದ ಬೆಲ್ಟು

ನಾನು ಎತ್ತರದಲ್ಲಿ ಕೆಲಸ ಮಾಡುವವರು ಮೈಗೆ ಕಟ್ಟಿಕೊಳ್ಳುವ ಬೆಲ್ಟು. ಬೆಲ್ಟೆಂದರೆ ಸೊಂಟಕ್ಕೆ ಬಿಗಿಯುವ ಚರ್ಮದ ಪಟ್ಟಿಯಲ್ಲ. ಹೆಗಲ ಮೇಲೆ ಎರಡು ಪಟ್ಟಿ, ಎದೆಗೆ ಅಡ್ಡಲಾಗಿ ಒಂದು, ತೊಡೆಗಳನ್ನು ಬಳಸಿ ಬರುವ ಇನ್ನೆರಡು, ಬೆನ್ನಿಗೊಂದು ಉಕ್ಕಿನ ಬಳೆ, ಬಳೆಯಿಂದ ಹೊರಟ ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ಕೊಕ್ಕೆಯನ್ನು ಗಟ್ಟಿ ಪೈಪಿಗೆ ಸಿಕ್ಕಿಸಿದ್ದರೆ ಕಾಲು ಜಾರಿದವನು ನೆಲ ಮುಟ್ಟುವುದಿಲ್ಲ. ಇಷ್ಟೇ ನನ್ನ ಕಸುಬು. ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಬೇಕಾದ ಕಸುಬು. ಆ ಒಂದು ಸಲವೂ ನನ್ನಿಂದಾಗಲಿಲ್ಲ.

ನಾನು ಹುಟ್ಟಿದ್ದು ತಗಡಿನ ಸೂರಿನ ಕಾರ್ಖಾನೆಯೊಂದರಲ್ಲಿ. ಸಾಲು ಮಿಷನ್ನುಗಳ ಮುಂದೆ ಕುಳಿತ ಹೆಂಗಸರು ನನ್ನನ್ನು ಹೊಲಿದರು. ಕಿತ್ತಳೆ ಬಣ್ಣದ ಪಟ್ಟಿ, ಕಪ್ಪು ದಾರ, ಒಂದೊಂದು ಜೋಡಣೆಗೂ ಹತ್ತಾರು ಹೊಲಿಗೆ. ನಮ್ಮ ತಂಡದಿಂದ ಒಬ್ಬನನ್ನು ಆರಿಸಿ, ಮರಳು ತುಂಬಿದ ಗೊಂಬೆಗೆ ತೊಡಿಸಿ, ಮೇಲಿನಿಂದ ದಬಕ್ಕನೆ ಬೀಳಿಸಿದರು. ಗೊಂಬೆಗೆ ಕಂಬದಂಥ ಎರಡು ಕಾಲುಗಳಿದ್ದವು. ಭಾರವೆಲ್ಲ ತೊಡೆಯ ಪಟ್ಟಿಗಳ ಮೇಲೆ ಬಿತ್ತು, ಗೊಂಬೆ ಗಾಳಿಯಲ್ಲಿ ಕುಳಿತ ಹಾಗೆ ನಿಂತಿತು. ಎಲ್ಲರೂ ತಲೆದೂಗಿದರು. ನನ್ನ ಜೊತೆಗಿಟ್ಟ ಪುಸ್ತಿಕೆಯಲ್ಲಿ ನನ್ನನ್ನು ತೊಟ್ಟ ಮನುಷ್ಯನ ಚಿತ್ರವಿತ್ತು. ಪ್ಯಾಂಟು, ಬೂಟು, ಮುಖದ ಮೇಲೆ ಅಳಿಯನ ನಗೆ. ನಮ್ಮನ್ನು ಮಾಡಿದವರ ಮನಸ್ಸಿನಲ್ಲಿ ಇದ್ದವನು ಅವನೊಬ್ಬನೇ.

ಹನ್ನೊಂದು ಅಂತಸ್ತಿನ ವಸತಿ ಕಟ್ಟಡ ಏಳುತ್ತಿದ್ದ ಹುಬ್ಬಳ್ಳಿಯ ಒಂದು ಸೈಟಿಗೆ ನಾವು ಹನ್ನೆರಡು ಜನ ಬಂದೆವು. ಜನ ಎಂದರೆ ಬೆಲ್ಟುಗಳೇ. ಮೊದಲ ಮೂರು ತಿಂಗಳು ಸ್ಟೋರಿನ ಬೀಗ ಹಾಕಿದ ಕಪಾಟಿನಲ್ಲಿ ಕಳೆದೆವು. ಮೇಲಿನವರು ನೋಡಲು ಬರುತ್ತಾರೆಂಬ ದಿನ ಹೊರಗೆ ತೆಗೆದು, ಕೈಗೆ ಸಿಕ್ಕವರಿಗೆ ತೊಡಿಸಿ ಫೋಟೋ ಹಿಡಿದು, ಮತ್ತೆ ಒಳಗೆ ತಳ್ಳುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ನಮ್ಮದೇ ದರಬಾರು. ಕಾಂಕ್ರೀಟು ಮಿಷನ್ನಿನ ಪಕ್ಕ ಸಾಲಾಗಿ ಮಲಗಿಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಕುಂಬಳಕಾಯಿ ಒಡೆದರು. ಕೈ ಮುಗಿಯಲು ತಕರಾರಿಲ್ಲ, ಮೈಗೆ ಕಟ್ಟಿಕೊಳ್ಳಲು ತಕರಾರು. ಹಾಕಿಕೊಳ್ಳಿ ಎಂದರೆ ಕೆಲಸದವರು, "ಹಾಕ್ಕೊಂಡ್ರ ಕೆಲಸ ಸಾಗೂದಿಲ್ರಿ" ಎನ್ನುತ್ತಿದ್ದರು. ಹಾಕಿಕೊಂಡ ಒಬ್ಬಿಬ್ಬರೂ ಕೊಕ್ಕೆಯನ್ನು ತಮ್ಮ ಹೆಗಲಿಗೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ತಮಗೆ ತಾವೇ ಜೋತುಬೀಳುವ ಈ ವಿದ್ಯೆಯನ್ನು ಎಲ್ಲಿ ಕಲಿತರೋ ನಾನರಿಯೆ.

ಹೀಗಿರುವಾಗ ಯಂಕವ್ವ ಬಂದಳು. ಕುಷ್ಟಗಿ ಕಡೆಯವಳು, ಮೂವತ್ತರ ಆಸುಪಾಸು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಬರುತ್ತಿದ್ದಳು. ಹೊರಗೋಡೆಯ ಹಸಿ ಗಿಲಾವಿಗೆ ದಿನಕ್ಕೆ ಮೂರು ಸಲ ಪೈಪಿನಿಂದ ನೀರುಣಿಸುವುದು ಅವಳ ಕೆಲಸ. ಅದಕ್ಕಾಗಿ ಕಟ್ಟಡದ ಹೊರಗೆ ಕಟ್ಟಿದ ಸಾರುವೆಯ ಹಲಗೆಗಳ ಮೇಲೆ ನಡೆಯಬೇಕು. ಬಂದ ಮೊದಲ ದಿನವೇ ಸ್ಟೋರಿನ ಬಾಗಿಲಲ್ಲಿ ನಿಂತು ಕೇಳಿದಳು: "ಬೆಲ್ಟ್ ಕೊಡ್ರಿ ನನಗ."

ಸ್ಟೋರಿನ ಗುರುಪಾದ ತಬ್ಬಿಬ್ಬಾದ. "ನಿನಗ ಯಾಕಬೇ? ನೀರು ಹೊಡ್ಯಾಕಿಗೆ ಬೆಲ್ಟ್ ಏನ್ ಮಾಡೂದೈತಿ?"

"ನನ್ನ ಗಂಡನೂ ಹಿಂಗ ಅಂದಿದ್ದ. ಈಗ ಹೊರಸಿನ ಮ್ಯಾಲ ಬಿದ್ದಾನ. ಸೊಂಟದಿಂದ ಕೆಳಗ ಸ್ವಾಧೀನಿಲ್ಲ. ನಾನೂ ಬಿದ್ರ ಅವನಿಗೆ ಯಾರು ತುತ್ತು ಹಾಕ್ತಾರ? ನೀವು ಹಾಕ್ತೀರೇನು?"

ಗುರುಪಾದ ಕಪಾಟಿನ ಬೀಗ ತೆರೆದು ಕೈಗೆ ಸಿಕ್ಕ ನನ್ನನ್ನು ತೆಗೆದುಕೊಟ್ಟ. ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಬೇಕೆಂದು ಕೇಳಿ ಪಡೆದವರಲ್ಲಿ ಅವಳೇ ಮೊದಲು.

ಆದರೆ ಅವಳು ನನ್ನನ್ನು ಕಟ್ಟಿಕೊಳ್ಳುವುದೇ ಕಷ್ಟವಾಯಿತು. ಹೆಗಲ ಪಟ್ಟಿ ಸರಿ, ಎದೆಯ ಪಟ್ಟಿ ಸರಿ. ತೊಡೆಯ ಪಟ್ಟಿಗಳನ್ನು ಎರಡು ಕಾಲುಗಳ ನಡುವಿನಿಂದ ತಂದು ಬಿಗಿಯಬೇಕು. ಸೀರೆ ಉಟ್ಟವಳು ಅದನ್ನು ಹೇಗೆ ಮಾಡಬೇಕು? ಸೀರೆ ಮುದುಡಿ ಮೊಣಕಾಲಿನ ಮೇಲೇರಿತು. ಸಾರುವೆ ಹತ್ತುವಾಗ ಕೆಳಗೆ ಗಾರೆ ಕಲಸುತ್ತಿದ್ದವರು ಮುಖಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ಅವಳು ಅರ್ಧಕ್ಕೇ ಇಳಿದುಬಂದು ಮರಳಿನ ಗುಡ್ಡೆಯ ಹಿಂದೆ ಕುಳಿತು ಬಕಲು ಬಿಚ್ಚತೊಡಗಿದಳು.

ಆಗ ಬಂದವನು ಮೇಸ್ತ್ರಿ ದಾವಲಸಾಬ. ಅವನಂಥ ಒಳ್ಳೆಯ ಮನುಷ್ಯ ಆ ಸೈಟಿನಲ್ಲಿರಲಿಲ್ಲ ಎಂದು ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ನಕ್ಕವರನ್ನು ಹೆಸರು ಹಿಡಿದು ಬೈದ. ಯಂಕವ್ವನ ಮುಂದೆ ಕುಕ್ಕರಗಾಲಲ್ಲಿ ಕುಳಿತು ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ತಂಗೀ, ನಿನ್ನ ಸೀರೀಗೆ ಇವೆರಡೂ ಅಡ್ಡ ಬರ್ತಾವ ನೋಡು. ಎದಿ ಪಟ್ಟಿ ಐತಿ, ಹಗ್ಗ ಐತಿ, ಇನ್ನೇನ್ ಬೇಕು? ತಗೀತೀನಿ ತಡಿ."

ಹೀಗೆಂದವನೇ ತಗಡು ಕತ್ತರಿಸುವ ದೊಡ್ಡ ಕತ್ತರಿ ತರಿಸಿದ. ಬೇಡ ಎಂದು ನಾನು ಹೇಗೆ ಕೂಗಲಿ? ವಸ್ತುವಾಗಿ ಹುಟ್ಟಿದ ಮೇಲೆ ಬಾಯಿ ಎಲ್ಲಿಂದ ಬರಬೇಕು? ಒಂದು ಕಡಿತಕ್ಕೆ ಒಂದು ಪಟ್ಟಿ, ಇನ್ನೊಂದು ಕಡಿತಕ್ಕೆ ಇನ್ನೊಂದು. ಎಳೆ ಬಿಚ್ಚಬಾರದೆಂದು ತುದಿಗಳನ್ನು ಬೀಡಿಯ ಬೆಂಕಿಯಿಂದ ನಯವಾಗಿ ಸುಟ್ಟ. ಯಂಕವ್ವ ತನ್ನ ಟವೆಲನ್ನು ಸೊಂಟಕ್ಕೆ ಸುತ್ತಿ ನನ್ನ ಕೆಳಗಂಚನ್ನು ಅದಕ್ಕೆ ಗಂಟು ಹಾಕಿದಳು. ಎದ್ದು ನಿಂತು ಎರಡು ಹೆಜ್ಜೆ ನಡೆದು ನೋಡಿದಳು.

"ಈಗ ಹಗುರಾತು ಅಣ್ಣಾ" ಎಂದಳು.

ಆಮೇಲಿನ ಇಪ್ಪತ್ತು ದಿನ ಅವಳಷ್ಟು ಶಿಸ್ತಿನಿಂದ ಯಾರೂ ನನ್ನನ್ನು ಬಳಸಲಿಲ್ಲ. ಹಲಗೆಗೆ ಕಾಲಿಡುವ ಮೊದಲು ಕೊಕ್ಕೆ, ಆಮೇಲೆ ನೀರಿನ ಪೈಪು. ಜಾಗ ಬದಲಿಸಿದರೆ ಮತ್ತೆ ಕೊಕ್ಕೆ. ಒಮ್ಮೊಮ್ಮೆ ಹಗ್ಗ ಜಗ್ಗಿ ನೋಡಿ, "ಗಟ್ಟಿ ಐತಿ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬುತ್ತಿ ಉಣ್ಣುವ ಹೊತ್ತಿಗೆ ಊರಿಗೆ ಫೋನು ಮಾಡಿ, ಅಲ್ಲಿ ತನ್ನ ತಾಯಿಯ ಆರೈಕೆಯಲ್ಲಿದ್ದ ಗಂಡ ದ್ಯಾಮಣ್ಣನಿಗೆ, "ಬೆಲ್ಟ್ ಹಾಕ್ಕೊಂಡೀನಿ, ಚಿಂತಿ ಮಾಡಬ್ಯಾಡ" ಎನ್ನುತ್ತಿದ್ದಳು. ಅವಳು ಹಾಗೆಂದಾಗಲೆಲ್ಲ ನನಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಅವಳ ನಂಬಿಕೆಯನ್ನು ಹೊರಲು ನನ್ನ ಬಳಿ ತೊಡೆಪಟ್ಟಿ ಇರಲಿಲ್ಲ.

ಸೈಟಿಗೆ ಒಬ್ಬ ಸೇಫ್ಟಿ ಮೇಲ್ವಿಚಾರಕನಿದ್ದ, ಮೌನೇಶ ಎಂದು. ಮೂರು ಸೈಟುಗಳಿಗೆ ಒಬ್ಬನೇ. ಒಂದು ಬುಧವಾರ ಬಂದವನು ಯಂಕವ್ವನನ್ನು ನೋಡಿ ಅಲ್ಲೇ ನಿಂತ.

"ಇದರ ಕೆಳಗಿನ ಪಟ್ಟಿ ಎಲ್ಲಿ? ಬಿದ್ರ ಇದು ಮ್ಯಾಲ ಬರ್ತೈತಿ, ನೀ ಕೆಳಗ ಹೋಗ್ತಿ ಅಕ್ಕಾ!"

ಯಂಕವ್ವ ಸೊಂಟದ ಟವೆಲಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ಆದರೆ ಅವಳು ಅಳುವ ಪೈಕಿಯವಳಲ್ಲ. "ಹಂಗಾರ ನನಗ ಪ್ಯಾಂಟ್ ಕೊಡ್ರಿ. ಹಾಕ್ಕೋತೀನಿ. ನಗವ್ರು ನಗಲಿ" ಎಂದಳು.

ಮೌನೇಶ ಸೈಟಿನ ಎಂಜಿನಿಯರರ ಬಳಿಗೆ ಓಡಿದ. ಹೆಂಗಸರಿಗೆ ಪ್ಯಾಂಟು, ಹೊಸ ಬೆಲ್ಟು, ಎರಡನ್ನೂ ಬರೆದುಕೊಟ್ಟ. ಎಂಜಿನಿಯರು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಹೆಡ್ ಆಫೀಸಿಗೆ ಕಳಸ್ತೀನಿ. ಸೋಮವಾರ ನೋಡೋಣ" ಎಂದರು. ಕಪಾಟಿನಲ್ಲಿ ನನ್ನ ಹನ್ನೊಂದು ಒಡಹುಟ್ಟಿದವರು ಮೈಮುರಿಯದೆ ಮಲಗಿದ್ದರು. ಆದರೆ ಪ್ಯಾಂಟಿಲ್ಲದೆ ಅವರೂ ಅವಳಿಗೆ ಒಗ್ಗುವವರಲ್ಲ. ಸೋಮವಾರದ ತನಕ ಅವಳನ್ನು ಕೆಳಗೇ ಇಡಿ ಎಂದು ಹೇಳಿ ಮೌನೇಶ ಮುಂದಿನ ಸೈಟಿಗೆ ಹೋದ. ಗುರುವಾರ ಅವಳು ಕೆಳಗೆ ಇಟ್ಟಿಗೆ ಜೋಡಿಸಿದಳು. ಶುಕ್ರವಾರ ಬಿಸಿಲು ನೆತ್ತಿ ಸುಡುತ್ತಿತ್ತು. ಏಳನೇ ಅಂತಸ್ತಿನ ಗಿಲಾವು ಒಣಗಿ ಬಿರುಕು ಬಿಡುತ್ತಿದೆ ಎಂದು ಎಂಜಿನಿಯರು ರೇಗಿದರು. "ಒಂದ್ ತಾಸು, ಹೋಗಿ ಬಾ ತಂಗೀ. ನಾ ಅಲ್ಲೇ ಇರ್ತೀನಿ" ಎಂದ ದಾವಲಸಾಬ.

ಅವಳು ಕೊಕ್ಕೆ ಸಿಕ್ಕಿಸಿದಳು. ಹಗ್ಗ ಜಗ್ಗಿ ನೋಡಿದಳು. ನೀರು ಬಿದ್ದು ನುಣುಪಾಗಿದ್ದ ಹಲಗೆ ಒಂದು ತುದಿಯಲ್ಲಿ ಜಾರಿತು.

ಮುಂದಿನದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳಬೇಕು. ಪೈಪು ಬಾಗಲಿಲ್ಲ. ಕೊಕ್ಕೆ ಬಿಚ್ಚಲಿಲ್ಲ. ಹಗ್ಗ ಬಿಗಿಯಿತು. ನನ್ನ ಒಂದು ಹೊಲಿಗೆಯೂ ಕಿತ್ತುಬರಲಿಲ್ಲ. ಟವೆಲಿನ ಗಂಟು ಬಿಚ್ಚಿತು, ನಾನು ಮೇಲಕ್ಕೆ ಸರಿದೆ, ಅವಳು ಕೆಳಕ್ಕೆ. ಎದೆಯ ಪಟ್ಟಿ ಕಂಕುಳಿಗೆ ಬಂದು ಸಿಕ್ಕಿಕೊಂಡಿತು. ಎರಡೂ ಕೈಗಳಿಂದ ಪಟ್ಟಿಯನ್ನು ಹಿಡಿದು ಅವಳು ತೂಗಿದಳು. ದಾವಲಸಾಬ ಕಿಟಕಿಯಲ್ಲಿ ಬೋರಲು ಬಿದ್ದು ಕೈ ಚಾಚಿದ. ಒಂದು ಗೇಣು ಸಾಲಲಿಲ್ಲ.

"ಅಣ್ಣಾ, ಬೆವರಾಗೇತಿ, ಕೈ ಜಾರಾಕತ್ತಾವು."

"ಹಿಡ್ಕೋ ತಂಗೀ, ಬಿಡಬ್ಯಾಡ, ಹಿಡ್ಕೋ!"

ಅವಳು ಬಿಡಲಿಲ್ಲ. ನಾನೇ ಅವಳ ತೋಳುಗಳಿಂದ, ತಲೆಯಿಂದ, ಬೆರಳುಗಳಿಂದ ಕಳಚಿಕೊಂಡೆ. ಖಾಲಿಯಾಗಿ ಗಾಳಿಗೆ ತೂಗಾಡಿದೆ. ನಾನು ಹರಿದಿದ್ದರೆ ನನಗೊಂದು ನೆಪವಾದರೂ ಇರುತ್ತಿತ್ತು.

ವಿಚಾರಣೆಗೆ ಬಂದವರು ನನ್ನನ್ನು ಜಗ್ಗಿ, ತೂಗಿ, ಬೆಲ್ಟು ಗಟ್ಟಿಯಾಗಿದೆ ಎಂದು ಬರೆದುಕೊಂಡರು. ದಾವಲಸಾಬ ಎದೆ ಎದೆ ಬಡಿದುಕೊಂಡು, "ನಾನ ಕತ್ತರಿಸೀನ್ರಿ ಸಾಹೇಬ್ರ, ಬರಕೊಳ್ರಿ" ಎಂದು ಕೂಗಿದ. ಬರೆದುಕೊಂಡರೆ ಯಾಕೆ ಕತ್ತರಿಸಿದೆ ಎಂದು ಕೇಳಬೇಕಾಗುತ್ತದೆ. ಯಾರೂ ಬರೆದುಕೊಳ್ಳಲಿಲ್ಲ. ಅವನು ಮರುದಿನವೇ ಕೆಲಸ ಬಿಟ್ಟ. ಈಗ ಎಲ್ಲಿದ್ದಾನೋ ತಿಳಿಯದು.

ಹದಿನೈದು ದಿನದ ಮೇಲೆ ಒಂದು ಗೂಡ್ಸ್ ಆಟೋದಲ್ಲಿ ಮಲಗಿಸಿ ದ್ಯಾಮಣ್ಣನನ್ನು ಸೈಟಿಗೆ ತಂದರು. ಪರಿಹಾರದ ಕಾಗದಕ್ಕೆ ಅವನ ಹೆಬ್ಬೆಟ್ಟು ಬೇಕಿತ್ತು. ಜೊತೆಗೆ ಅವನ ತಾಯಿ ಸೋಮವ್ವ. ಕಾಗದ ಓದುವ ಕೆಲಸ ಮೌನೇಶನ ಪಾಲಿಗೆ ಬಂತು. "ಬೆಲ್ಟನ್ನು ಒದಗಿಸಲಾಗಿತ್ತು. ಮೃತಳು ಅದನ್ನು ಸರಿಯಾದ ಕ್ರಮದಲ್ಲಿ..." ಎಂದು ಓದುತ್ತಿದ್ದವನು ಕಾಗದವನ್ನು ಅರ್ಧಕ್ಕೇ ಕೆಳಗಿಟ್ಟ.

"ಅದೆಲ್ಲ ನನಗ ತಿಳಿಯೂದಿಲ್ಲ" ಎಂದ ದ್ಯಾಮಣ್ಣ. "ಆಕಿ ಹಾಕ್ಕೊಂಡಿದ್ಲೋ ಇಲ್ಲೋ, ಅಷ್ಟ ಹೇಳು."

"ಹಾಕ್ಕೊಂಡಿದ್ಲಣ್ಣಾ. ದಿನಾ ಹಾಕ್ಕೋತಿದ್ಲು."

ದ್ಯಾಮಣ್ಣ ಹೆಬ್ಬೆಟ್ಟೊತ್ತಿದ. ಆಮೇಲೆ ನನ್ನನ್ನು ತನಗೆ ಕೊಡಿ ಎಂದು ಕೇಳಿದ. ಕಣ್ಣ ಮುಂದಿನಿಂದ ತೊಲಗಿದರೆ ಸಾಕೆಂಬಂತೆ ಎಂಜಿನಿಯರು ಕೊಟ್ಟುಬಿಟ್ಟರು. ಸಾರುವೆಯ ಮೇಲೆ ಹತ್ತು ವರ್ಷ ಕಳೆದವನು ಅವನು. ಆಟೋ ಊರ ದಾರಿ ಹಿಡಿದಾಗ ಅವನ ಬೆರಳು ಸುಟ್ಟ ತುದಿಗಳನ್ನು ಸವರಿ ಸವರಿ ನೋಡಿತು. ಯಾರೂ ಹೇಳದೆ ಅವನಿಗೆ ಎಲ್ಲ ಅರ್ಥವಾಯಿತು.

ಈಗ ನಾನು ಅವನ ಹೊರಸಿನ ಮೇಲಿನ ತೊಲೆಗೆ ತೂಗುತ್ತಿದ್ದೇನೆ. ಮೊದಲು, ಊರಲ್ಲಿದ್ದಾಗ, ಅವನನ್ನು ಎಬ್ಬಿಸಿ ಕೂರಿಸುತ್ತಿದ್ದವಳು ಯಂಕವ್ವ. ಈಗ ಅವನು ನನ್ನನ್ನು ಹಿಡಿದು ಎದ್ದು ಕೂರುತ್ತಾನೆ. ನಾನು ಚೆನ್ನಾಗಿಯೇ ತಡೆಯುತ್ತೇನೆ. ನನ್ನ ಬಣ್ಣ ಮಾಸಿದೆ, ಉಕ್ಕಿನ ಬಳೆಗೆ ತುಕ್ಕು ಹತ್ತಿದೆ, ಶಕ್ತಿ ಮಾತ್ರ ಕುಂದಿಲ್ಲ. ಈ ಶಕ್ತಿಯ ಮೇಲೆ ನನಗೆ ಅಸಹ್ಯ. ಯಾರ ಮೈಯನ್ನು ನೆನೆದು ನಮ್ಮನ್ನು ಹೊಲಿಯುತ್ತಾರೋ ಅವರನ್ನಷ್ಟೇ ನಾವು ಉಳಿಸಬಲ್ಲೆವು. ಉಳಿದವರು ನಮ್ಮನ್ನು ನಂಬಿ ಸಾಯುತ್ತಾರೆ.

ಸೋಮವ್ವನಿಗೆ ಅರವತ್ತು ದಾಟಿದೆ. ಕುಷ್ಟಗಿಯಲ್ಲಿ ಕಲ್ಯಾಣಮಂಟಪವೊಂದು ಏಳುತ್ತಿದೆ, ಅಲ್ಲಿಗೆ ದಿನಾ ಹೋಗುತ್ತಾಳೆ. ಇಷ್ಟು ದಿನ ನೆಲದ ಮೇಲೆ ಜಲ್ಲಿ ಹೊರುತ್ತಿದ್ದಳು. ಇವತ್ತು ಬೆಳಿಗ್ಗೆ ಮಗನಿಗೆ ಗಂಜಿ ಕುಡಿಸಿ, ಸೆರಗು ಸಿಕ್ಕಿಸಿ, ಬುತ್ತಿ ಕಟ್ಟಿಕೊಂಡವಳು ಹೊರಸಿನ ಬಳಿ ಬಂದು ನಿಂತಳು.

"ಇವತ್ತಿಂದ ಮ್ಯಾಲ ಹತ್ತಿ ನೀರು ಹೊಡಿ ಅಂದಾರ. ಇದನ್ನ ಹಾಕ್ಕೊಂಡು ಹೋಗ್ಲೇನೋ ದ್ಯಾಮಾ?"

ಅವನು ನನ್ನ ಸುಟ್ಟ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದ.

"ಬ್ಯಾಡವ್ವಾ. ಅದು ನಮ್ಮ ಹೆಣ್ಮಕ್ಕಳಿಗೆ ಹೊಲಿದದ್ದಲ್ಲ."

ಮುದುಕಿ ತಲೆಗೆ ಟವೆಲ್ ಸುತ್ತಿಕೊಂಡು ಬೆಲ್ಟಿಲ್ಲದೆಯೇ ಕೆಲಸಕ್ಕೆ ಹೋದಳು. ದ್ಯಾಮಣ್ಣ ನನ್ನನ್ನು ಹಿಡಿದು ಎದ್ದು ಕುಳಿತಿದ್ದಾನೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದರೂ ಕೈ ಸಡಿಲಿಸಿಲ್ಲ. ಸಂಜೆ ಬಾಗಿಲಲ್ಲಿ ಅವಳ ದನಿ ಕೇಳುವ ತನಕ ಸಡಿಲಿಸುವುದೂ ಇಲ್ಲ.